ಪಿಡಿಎಫ್ ಕಳಿಸೋಕೆ ಇಷ್ಟೆಲ್ಲ ಟೂಲ್ ಬೇಕಾ?

ನಮ್ಮಂಥ ಮೇಷ್ಟ್ರುಗಳಿಗೆ ಆನ್‌ಲೈನ್ ಟೂಲ್‌ಗಳ ಬಗ್ಗೆ ಆಗಾಗ ಒಂದು ತರಬೇತಿ ಇದ್ದೇ ಇರುತ್ತದೆ. ಕ್ಲಾಸ್‌ರೂಮ್, ಟೀಮ್ಸ್, ಪ್ಯಾಡ್ಲೆಟ್ ಅಂತ ಒಂದರ ಹಿಂದೊಂದು ತೋರಿಸುತ್ತಾರೆ. ಊಟ ಆದ ಮೇಲೆ ಸರ್ಟಿಫಿಕೇಟ್. ಸೋಮವಾರ ಕಾಲೇಜಿಗೆ ಬಂದರೆ ಮತ್ತದೇ ವಾಟ್ಸಾಪ್ ಗ್ರೂಪ್, ಮತ್ತದೇ ನೋಟ್ಸ್ ಪಿಡಿಎಫ್. ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು. ಮಕ್ಕಳು ಹೆಬ್ಬೆರಳು ಒತ್ತಿ ಸುಮ್ಮನಾಗಬೇಕು. ಇದಕ್ಕೆ ನಾವು ಆನ್‌ಲೈನ್ ಕಲಿಕೆ ಅಂತ ವರದಿಯಲ್ಲಿ ಬರೆಯುತ್ತೇವೆ!

ನನ್ನ ಲೆಕ್ಕ ಬಹಳ ಸರಳ. ಯಾವುದೇ ಟೂಲ್ ಆಗಲಿ, ಮಕ್ಕಳು ಅದರಲ್ಲಿ ಬರೆಯಬಹುದಾ? ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದಾ? ಯಾರು ಏನು ಮಾಡಿದರು ಅಂತ ಆಮೇಲೆ ಕಾಣುತ್ತದಾ? ಈ ಮೂರೂ ಇದ್ದರೆ ಸಾಕು, ಅದರ ಹೆಸರು ಏನಾದರೂ ಇರಲಿ. ಹೆಸರು ನಂಬಿ ಕೂತರೆ ಕಷ್ಟವೇ. ಕೊರೊನಾ ಕಾಲದಲ್ಲಿ ಎಷ್ಟೋ ಜನ ಕಷ್ಟಪಟ್ಟು ಜ್ಯಾಮ್‌ಬೋರ್ಡ್ ಅನ್ನುವ ಆನ್‌ಲೈನ್ ಬರೆಯುವ ಹಲಗೆ ಕಲಿತರು. 2024ರ ಕೊನೆಗೆ ಗೂಗಲ್ ಅದನ್ನು ಮುಚ್ಚಿಯೇಬಿಟ್ಟಿತು.

ನಾನು ಹೆಚ್ಚಾಗಿ ಬಳಸುವುದು ಗೂಗಲ್ ಡಾಕ್ಸ್. ಡಿಗ್ರಿ ಮಕ್ಕಳಿಗೆ ನಮ್ಮೂರ ಸಂತೆಯ ಬಗ್ಗೆ ಗುಂಪಿನಲ್ಲಿ ಒಂದು ವರದಿ ಮಾಡಲು ಕೊಟ್ಟಿದ್ದೆ. ಎಲ್ಲರೂ ಒಂದೇ ಫೈಲಿನಲ್ಲಿ ಬರೆಯಬೇಕು. ಒಬ್ಬರು ತರಕಾರಿ, ಒಬ್ಬರು ಕುರಿ ಮೇಕೆ, ಒಬ್ಬರು ಪಾತ್ರೆ ಅಂಗಡಿ ಹೀಗೆ. ಹೂವಿನ ಭಾಗದಲ್ಲಿ 'ಒಂದು ಮಾರಿಗೆ ಇಷ್ಟು ರೂಪಾಯಿ' ಅಂತ ಒಂದು ಸಾಲಿತ್ತು. ಅದರ ಪಕ್ಕ ಪೇಟೆ ಹುಡುಗಿಯೊಬ್ಬಳು ಕಾಮೆಂಟ್ ಹಾಕಿದಳು, 'ಮಾರು ಅಂದ್ರೆ ಎಷ್ಟು?' ಹಿಂದಿನ ಬೆಂಚಿನ ಹುಡುಗನೊಬ್ಬ ಕೆಳಗೆ ಬರೆದ: 'ಎರಡು ಕೈ ಅಗಲಿಸಿದಷ್ಟು. ನಮ್ಮವ್ವ ಮಾರೋದು. ಅವಳ ಕೈ ಗಿಡ್ಡ, ಅದಕ್ಕೆ ಗಿರಾಕಿ ಜಗಳ ಮಾಡ್ತಾರೆ, ಆಮೇಲೆ ಒಂದು ಗೇಣು ಜಾಸ್ತಿ ಬಿಡ್ತಾಳೆ.' ಅಲ್ಲಿಂದ ಶುರುವಾಯಿತು ನೋಡಿ. ಮೊಳ ಯಾರ ಕೈ ಲೆಕ್ಕ, ಹಬ್ಬದ ಹಿಂದಿನ ದಿನ ಮಾರು ಹೇಗೆ ಚಿಕ್ಕದಾಗುತ್ತದೆ, ಕನಕಾಂಬರ ಯಾಕೆ ಮಲ್ಲಿಗೆಯಷ್ಟು ಬೇಗ ಬಾಡಲ್ಲ ಅಂತೆಲ್ಲ ಕಾಮೆಂಟಿನಲ್ಲೇ ಮಾತು ಬೆಳೆಯಿತು. ವರದಿಗಿಂತ ಆ ಪಕ್ಕದ ಪಟ್ಟಿಯೇ ಚೆನ್ನಾಗಿತ್ತು. ಅದರಲ್ಲಿ ನನ್ನದೊಂದು ಅಕ್ಷರವೂ ಇರಲಿಲ್ಲ.

ಇನ್ನು ವರ್ಷನ್ ಹಿಸ್ಟರಿ, ಅಂದರೆ ಫೈಲನ್ನು ಯಾರು ಯಾವಾಗ ಬದಲಿಸಿದರು ಅನ್ನುವ ದಾಖಲೆ. ಒಬ್ಬ ಮಾಡಿ ಐದು ಜನ ಹೆಸರು ಹಾಕಿಸಿಕೊಳ್ಳುವ ಗ್ರೂಪ್ ಪ್ರಾಜೆಕ್ಟ್ ಯಾರಿಗೆ ಗೊತ್ತಿಲ್ಲ ಹೇಳಿ? ಇಲ್ಲಿ ಒಬ್ಬೊಬ್ಬರ ಬರಹ ಒಂದೊಂದು ಬಣ್ಣದಲ್ಲಿ, ದಿನ ಮತ್ತು ಗಂಟೆ ಸಮೇತ ಕಾಣುತ್ತದೆ. ರಾತ್ರಿ ಹನ್ನೊಂದೂವರೆಗೆ ನಾಲ್ಕು ಪ್ಯಾರಾ ಒಂದೇ ಏಟಿಗೆ ಬಂದು ಬಿದ್ದಿದ್ದರೆ ಅದು ಚಾಟ್‌ಜಿಪಿಟಿಯೋ, ಅಣ್ಣನ ಹಳೇ ಅಸೈನ್‌ಮೆಂಟೋ ಅಂತ ಕೇಳಬಹುದು. ಆದರೆ ಇದನ್ನು ಹಾಜರಿ ಪುಸ್ತಕದ ಹಾಗೆ ಬಳಸುವ ಮೇಷ್ಟ್ರುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜಾಸ್ತಿ ಟೈಪ್ ಮಾಡಿದವರಿಗೆ ಜಾಸ್ತಿ ಮಾರ್ಕ್ಸ್ ಅಂದರೆ ಮಕ್ಕಳು ಸುಮ್ನೆ ಅಳಿಸಿ ಅಳಿಸಿ ಬರೆಯುತ್ತಾರೆ, ಅಷ್ಟೇ. ಒಂದು ಸಾಲಿನ ಒಳ್ಳೆ ಪ್ರಶ್ನೆ ಹಾಕಿದ ಹುಡುಗಿಗೆ ಆ ಲೆಕ್ಕದಲ್ಲಿ ಏನು ಸಿಗುತ್ತದೆ?

ಮಾರ್ಕ್ಸ್ ಆಸೆ ಏನು ಮಾಡುತ್ತದೆ ಅನ್ನುವುದಕ್ಕೆ ವಿಕಿಪೀಡಿಯದ ಕಥೆಯೇ ಇದೆ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಯುವುದನ್ನು ಕೋರ್ಸಿನ ಭಾಗ ಮಾಡಿದರು. ಎಷ್ಟೋ ಮಕ್ಕಳು ಪುಸ್ತಕದಿಂದ, ವೆಬ್‌ಸೈಟಿನಿಂದ ನೇರ ನಕಲು ತಂದು ಸುರಿದರು. ಅದನ್ನೆಲ್ಲ ತೆಗೆದು ತೆಗೆದು ಅಲ್ಲಿನ ಸಂಪಾದಕರು ಸುಸ್ತಾದರು. ಆ ಪ್ರಯೋಗವನ್ನು ಬೇಗನೆ ನಿಲ್ಲಿಸಬೇಕಾಯಿತು. ಹಾಗಂತ ವಿಕಿಯೇ ಬೇಡ ಅನ್ನುವವನಲ್ಲ ನಾನು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಬೆಂಗಳೂರಿನ ಕ್ರೈಸ್ಟ್, ಮೂಡುಬಿದಿರೆಯ ಆಳ್ವಾಸ್ ಕಾಲೇಜಿನ ಮಕ್ಕಳೂ ಅಲ್ಲಿ ಕೆಲಸ ಮಾಡಿದ್ದಾರೆ. ಅಲ್ಲಿ ಪ್ರತಿ ಲೇಖನಕ್ಕೂ ಒಂದು ಚರ್ಚೆಯ ಪುಟ ಇರುತ್ತದೆ. ಹೊಸಬರನ್ನು ಮೊದಲು ಆ ಪುಟಕ್ಕೆ ಕಳಿಸಿ, ಲೇಖನ ಆಮೇಲೆ ಬರೆಸಿದರಾಯಿತು.

ಕನ್ನಡ ಮೇಷ್ಟ್ರ ಕಷ್ಟ ಇನ್ನೊಂದಿದೆ, ಅದನ್ನು ಯಾವ ತರಬೇತಿಯಲ್ಲೂ ಹೇಳಲ್ಲ. 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸ್ ನಮ್ಮ ಹತ್ತಿರ ರಾಶಿ ಇದೆ. ಅದು ಈಗ ಎಲ್ಲ ಕಡೆ ನಡೆಯುವ ಯುನಿಕೋಡ್ ಅಕ್ಷರ ಅಲ್ಲ. ಆ ನೋಟ್ಸನ್ನು ಡಾಕ್ಸ್‌ಗೆ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ, ಮೇಲೊಂದು ಟೋಪಿ ಇಟ್ಟ ಎ! ಮೊದಲು ಕನ್ವರ್ಟರ್‌ನಲ್ಲಿ ಹಾಕಬೇಕು, ಆಮೇಲೆ ಒತ್ತಕ್ಷರ ಕೆಟ್ಟಲ್ಲೆಲ್ಲ ಕೂತು ಸರಿಮಾಡಬೇಕು. ಮಕ್ಕಳಿಗೆ ಈ ತಾಪತ್ರಯ ಇಲ್ಲ. ಮೊಬೈಲ್ ಕೀಬೋರ್ಡಿನಲ್ಲಿ ಚಕಚಕ ಒತ್ತುತ್ತಾರೆ, ಬೇಜಾರಾದರೆ ಮೈಕ್ ಒತ್ತಿ ಮಾತಾಡುತ್ತಾರೆ.

ಹೈಸ್ಕೂಲಿನ ಗೆಳೆಯರ ಕಷ್ಟ ಬೇರೆ. ಹದಿಮೂರು ತುಂಬದ ಮಕ್ಕಳು ಸ್ವಂತವಾಗಿ ಗೂಗಲ್ ಖಾತೆ ತೆರೆಯುವ ಹಾಗಿಲ್ಲ, ಅಪ್ಪನದೋ ಅಮ್ಮನದೋ ಫೋನು, ಅವರದೇ ಖಾತೆ. ಹಾಗಾಗಿ ವರ್ಷನ್ ಹಿಸ್ಟರಿಯಲ್ಲಿ ಪ್ರಬಂಧ ಬರೆದವರ ಹೆಸರು ಯಾವುದೋ ಪ್ರಾವಿಷನ್ ಸ್ಟೋರ್ ಅಂತ ಬರುತ್ತದೆ. ಲಾಗಿನ್ ಇಲ್ಲದೆ ಲಿಂಕಿನಿಂದ ಬಂದರೆ ಹೆಸರಿನ ಜಾಗದಲ್ಲಿ 'ಅನಾನಿಮಸ್' ಅಂತ ಒಂದು ಪ್ರಾಣಿ. ಮಕ್ಕಳಿಗೆ ಅದೇ ಖುಷಿ, ಯಾವ ಪ್ರಾಣಿ ಯಾರು ಅಂತ ಕಿತ್ತಾಡುತ್ತಾರೆ. ಅಂಥ ಕಡೆ ಈಥರ್‌ಪ್ಯಾಡ್ ನೋಡಿ. ಅದೂ ಎಲ್ಲರೂ ಸೇರಿ ಬರೆಯುವ ಮುಕ್ತ ತಂತ್ರಾಂಶ, ಖಾತೆ ಬೇಡ, ಹೆಸರು ಹಾಕಿ ಬಣ್ಣ ಆರಿಸಿಕೊಂಡರೆ ಬರೆಯಬಹುದು. ಯಾವುದೇ ಬಳಸಿದರೂ ಮಕ್ಕಳ ಫೋನ್ ನಂಬರು, ಫೋಟೊ ಅದರಲ್ಲಿ ಹಾಕಿಸಬೇಡಿ. 2023ರ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ.

ಇಷ್ಟೆಲ್ಲ ಆದ ಮೇಲೆ ಇಂಟರ್ನಲ್ಸ್‌ಗೆ ಕೇಳುವುದು ಏನು? ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಒಬ್ಬೊಬ್ಬರೂ ಒಂದೊಂದು ಪ್ರತಿ ಕೊಡಿ ಅಂತ. ಮಕ್ಕಳು ತರುವ ಪ್ರತಿಯಲ್ಲಿ ಆ ಕಾಮೆಂಟುಗಳು ಯಾವುವೂ ಇರುವುದಿಲ್ಲ. ಈ ಸಲ ನಾನು ಫೈಲನ್ನು ವರ್ಡ್‌ಗೆ ಇಳಿಸಿಕೊಂಡು ಕಾಮೆಂಟ್ ಸಮೇತ ಪ್ರಿಂಟ್ ಹಾಕಿಸಿ ಅಂದಿದ್ದೇನೆ. ಪುಟ ಜಾಸ್ತಿಯಾಗುತ್ತದೆ ಸರ್ ಅಂತ ಗೊಣಗುತ್ತಿದ್ದಾರೆ. ಗುಂಪಿಗೆ ಒಂದೇ ಪ್ರತಿ ಸಾಕು ಅಂತ ಮೇಲಿನವರನ್ನು ಒಪ್ಪಿಸುವ ಕೆಲಸ ನನ್ನದು.