ಬ್ಲಾಗ್ ಬರೆಯುವವರ ಹೊಸ ವರ್ಷದ ಗುರಿಯಲ್ಲಿ ಬರೀ ಲೆಕ್ಕ ಯಾಕೆ?

ಜನವರಿ ಬಂತು, ಬರೆಯುವ ಗೆಳೆಯರ ಪಟ್ಟಿಗಳೂ ಬಂದವು. "ಈ ವರ್ಷ 365 ಪೋಸ್ಟ್." "ಡಿಸೆಂಬರ್ ಒಳಗೆ 10,000 ಫಾಲೋವರ್ಸ್." "ದಿನಕ್ಕೊಂದು ರೀಲ್, ವಾರಕ್ಕೊಂದು ಬ್ಲಾಗ್." ಬೆಳಗ್ಗೆಯಿಂದ ಇವನ್ನೇ ಓದಿ ಓದಿ ನಿಜಕ್ಕೂ ಸಿಟ್ಟು ಬಂದಿದೆ. ಯಾವ ವಿಷಯದ ಬಗ್ಗೆ ಬರೆಯುತ್ತೀರಿ ಅಂತ ಒಬ್ಬರಾದರೂ ಹೇಳಬೇಕಲ್ವಾ? ಎಷ್ಟು ಅನ್ನುವುದು ಎಲ್ಲರ ಹತ್ತಿರವೂ ಇದೆ. ಏನು, ಯಾರಿಗೆ, ನಾಲ್ಕು ವರ್ಷ ಆದಮೇಲೆ ಬೇಕು ಅಂದವರಿಗೆ ಅದು ಎಲ್ಲಿ ಸಿಗುತ್ತದೆ, ಇದ್ಯಾವುದೂ ಯಾರ ಪಟ್ಟಿಯಲ್ಲೂ ಇಲ್ಲ.

ಅಡುಗೆ, ಹಬ್ಬ, ಮನೆ ಪದ್ಧತಿ ಅಂತ ಬ್ಲಾಗ್ ಬರೆದುಕೊಂಡು ಬಂದವಳು ನಾನು, ನಿಮಗೆ ಗೊತ್ತೇ ಇದೆ. ಹಾಗಾಗಿ ಈ ವಿಷಯ ನನಗೆ ಸ್ವಲ್ಪ ಜಾಸ್ತಿನೇ ತಾಗುತ್ತದೆ.

ಮೊನ್ನೆ ಸಂಕ್ರಾಂತಿಗೆ ಅಂತ ಸಕ್ಕರೆ ಅಚ್ಚು ಮಾಡಲು ಕೂತೆ. ಅತ್ತೆ ಇದ್ದಾಗ ಪಾಕದ ಉಸ್ತುವಾರಿ ಪೂರ್ತಿ ಅವರದೇ. ಮರದ ಅಚ್ಚುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಕೊಡುವುದಷ್ಟೇ ನನ್ನ ಕೆಲಸ. ಈಗ ಅವರಿಲ್ಲ, ಕೇಳೋಣ ಅಂದರೆ ಮನೆಯಲ್ಲಿ ಗೊತ್ತಿರುವವರೂ ಇಲ್ಲ. ಅಚ್ಚು ಬಿಡಿಸಿದರೆ ಗಿಳಿಯ ಕೊಕ್ಕು ಮರದಲ್ಲೇ ಉಳಿಯುತ್ತಿತ್ತು. ಇಂಟರ್ನೆಟ್‌ನಲ್ಲಿ ಹುಡುಕಿದೆ. ವಿಡಿಯೋಗಳು ಬೇಕಾದಷ್ಟಿವೆ. ಪಾಕ ಸುರಿಯುತ್ತಾರೆ, ಅಚ್ಚು ತೆಗೆಯುತ್ತಾರೆ, ಹಿಂದೆ ಹಾಡು. ಮುರಿದರೆ ಯಾಕೆ ಮುರಿಯಿತು ಅಂತ ಒಬ್ಬರೂ ಹೇಳುವುದಿಲ್ಲ.

ಉತ್ತರ ಸಿಕ್ಕಿದ್ದು 2009ರ ಒಂದು ಕನ್ನಡ ಬ್ಲಾಗಿನಲ್ಲಿ. ಬರೆದವರು ಎಷ್ಟು ನಿಧಾನವಾಗಿ, ಎಷ್ಟು ಅಕ್ಕರೆಯಿಂದ ಬರೆದಿದ್ದಾರೆ ಗೊತ್ತಾ! ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಹಾಕಬೇಕು, ಒಣ ಮರಕ್ಕೆ ಪಾಕ ಕಚ್ಚಿಕೊಳ್ಳುತ್ತದೆ. ಸಕ್ಕರೆ ಕುದಿಯುವಾಗ ಸ್ವಲ್ಪ ಹಾಲು ಬಿಟ್ಟರೆ ಕೊಳೆಯೆಲ್ಲ ಮೇಲೆ ಬರುತ್ತದೆ, ಆಗ ತೆಳು ಬಟ್ಟೆಯಲ್ಲಿ ಸೋಸಬೇಕು. ಸೋಸಿದ್ದನ್ನು ಒಟ್ಟಿಗೇ ಕಾಯಿಸಬಾರದು. ಒಂದೊಂದು ಸೌಟು ಪುಟ್ಟ ಪಾತ್ರೆಗೆ ಹಾಕಿ, ಕೈಬಿಡದೆ ತಿರುಗಿಸಿ, ಬೆಳ್ಳಗೆ ಮಸುಕಾಗುತ್ತಾ ಬಂದ ಕೂಡಲೇ ಅಚ್ಚಿಗೆ ಸುರಿಯಬೇಕು. ತಡ ಮಾಡಿದರೆ ಪಾತ್ರೆಯಲ್ಲೇ ಗಟ್ಟಿ. ಬೇಗ ಬಿಡಿಸಿದರೆ ಮೂಗು, ಬಾಲ ಮುರಿಯುತ್ತದೆ. ಅತ್ತೆಯ ಕೈಗೆ ಗೊತ್ತಿದ್ದದ್ದೆಲ್ಲ ಅಲ್ಲಿ ಅಕ್ಷರದಲ್ಲಿತ್ತು. ಓದುತ್ತಾ ಒಲೆ ಮುಂದೆ ನಿಂತು ಅತ್ತುಬಿಟ್ಟೆ.

ಬರೆದವರು ಆಮೇಲೆ ಹೆಚ್ಚು ಬರೆದಂತಿಲ್ಲ. 365 ಅಂತೂ ದೂರದ ಮಾತು. ಆ ಒಂದು ಬರಹ ಸಾಕಾಯಿತು.

ಇದೇ ಅಚ್ಚಿನ ಬಗ್ಗೆ ನಮ್ಮ ಗೆಳತಿಯೊಬ್ಬರು ಇಲ್ಲೇ, ಫೇಸ್‌ಬುಕ್‌ನಲ್ಲೇ, ತುಂಬಾ ಚೆನ್ನಾಗಿ ಬರೆದಿದ್ದರು. ಅವರ ಅಜ್ಜಿ ಬಾಗಿನದ ತಟ್ಟೆಯಲ್ಲಿ ಅಚ್ಚುಗಳನ್ನು ಹೇಗೆ ಜೋಡಿಸುತ್ತಿದ್ದರು ಅನ್ನುವ ತನಕ. ಎಷ್ಟು ಕೆಳಗೆ ಹೋದರೂ ಸಿಗಲಿಲ್ಲ. ಅವರನ್ನೇ ಕೇಳಿದೆ, ಅವರಿಗೂ ಸಿಗಲಿಲ್ಲ. ಅದರ ತಲೆಬರಹ "ಸಿಹಿ ನೆನಪು" ಅಂತ ಇತ್ತಂತೆ. ಸಕ್ಕರೆ ಅಚ್ಚು ಬೇಕಾದವರು ಸಿಹಿ ನೆನಪು ಅಂತ ಯಾಕೆ ಹುಡುಕುತ್ತಾರೆ? ದಯವಿಟ್ಟು ವಸ್ತುವಿನ ಹೆಸರನ್ನು ಮೇಲೆ ಹಾಕಿ. ಊರು ಹಾಕಿ, ತಿಂಗಳು ಹಾಕಿ. ಯಾರಿಂದ ಕಲಿತಿರಿ ಅಂತ ಹಾಕಿ.

ಇನ್ನೊಂದು ಕಾಯಿಲೆ, ಬರಹವನ್ನೇ ಚಿತ್ರ ಮಾಡಿ ಹಾಕುವುದು. ಗುಲಾಬಿ ಬಣ್ಣದ ಚೌಕದಲ್ಲಿ ನಾಲ್ಕು ಸಾಲು. ಸ್ವಲ್ಪ ಹಿಂದೆ ತಿರುಗಿ ನೋಡಿ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಶೇಷಾದ್ರಿವಾಸು ಅವರು ಮಾಡಿದ 'ಬರಹ' ತಂತ್ರಾಂಶ ಬಂದಿದ್ದು 1998ರಲ್ಲಿ. ಆ ಕಾಲದಲ್ಲಿ ಕಳಿಸಿದವರ ಫಾಂಟ್ ನಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪರದೆ ತುಂಬಾ ಅರ್ಥವಿಲ್ಲದ ಚಿಹ್ನೆಗಳು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಂದರೆ ಯೂನಿಕೋಡ್, ಬಳಕೆಗೆ ಬಂದ ಮೇಲೆ ತಾನೇ ಕನ್ನಡದಲ್ಲಿ ಹುಡುಕಿದರೆ ಕನ್ನಡ ಸಿಗುವಂತಾಗಿದ್ದು? 2005ರಲ್ಲಿ 'ಸಂಪದ' ಅನ್ನುವ ಕನ್ನಡ ಜಾಲತಾಣ ಶುರುವಾಗಿ ಅಷ್ಟೊಂದು ಜನ ಬರೆಯತೊಡಗಿದ್ದೂ ಅದರ ಬಲದಿಂದಲೇ. ಎಷ್ಟೋ ಜನ ಸಂಬಳವಿಲ್ಲದೆ ಕಷ್ಟಪಟ್ಟು ಕೈಗೆ ಕೊಟ್ಟ ಸೌಲಭ್ಯ ಇದು. ಅದನ್ನು ಬಿಟ್ಟು ಅಕ್ಷರವನ್ನು ಮತ್ತೆ ಚಿತ್ರದೊಳಗೆ ಹೂತುಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

"ದಿನಾ ಬರೆದರೆ ಕೈ ಪಳಗುತ್ತದೆ ಮೇಡಂ" ಅಂತಾರೆ ಕೆಲವರು. ಪಳಗುತ್ತದೆ, ಇಲ್ಲ ಅನ್ನುವುದಿಲ್ಲ. ಅದಕ್ಕೆ ನೋಟ್‌ಬುಕ್ ಇದೆ, ಬರೆಯಿರಿ. ಪಳಗುವ ಮುಂಚೆ ಬರೆದ ಅಷ್ಟನ್ನೂ ಊರಿಗೆಲ್ಲ ಹಂಚಲೇಬೇಕಾ? ಹತ್ತು ದಿನ ಬರೆದು, ಹನ್ನೊಂದನೇ ದಿನ ಹೇಳಲು ಏನೂ ಇಲ್ಲದೆ "ಇಂದಿನ ಚಿಂತನೆ" ಅಂತ ಎಲ್ಲಿಂದಲೋ ಎತ್ತಿ ಹಾಕುವವರನ್ನು ಪ್ರತಿ ವರ್ಷವೂ ನೋಡುತ್ತಿದ್ದೇನೆ. ಲೆಕ್ಕ ತುಂಬಿಸುವ ಹಟಕ್ಕೆ ಬಿದ್ದರೆ ಆಗುವುದೇ ಇದು.

"ಈಗ ಬ್ಲಾಗ್ ಯಾರು ಓದ್ತಾರೆ?" ಅನ್ನುವವರಿಗೂ ಹೇಳುತ್ತೇನೆ. ಮೊನ್ನೆ ಆ 2009ರ ಪುಟವನ್ನು ನಾನು ಓದಿದೆ. ಆ ದಿನ ಓದಿದವಳು ನಾನೊಬ್ಬಳೇ ಇರಬಹುದು. ಆದರೆ ನಮ್ಮ ಮನೆಯ ಸಂಕ್ರಾಂತಿ ನಡೆಯುವುದು ಅದರಿಂದಲೇ.

ನನ್ನ ಗುರಿ ಕೇಳಿದಿರಿ ಅಂದರೆ, ತಿಂಗಳಿಗೆ ಒಂದೇ ಬರಹ. ಮಾಡಿ ನೋಡಿ, ಗೊತ್ತಿರುವವರನ್ನು ಕೇಳಿ, ಆಮೇಲೆ ಬರೆಯುವುದು. ಬರಹ ಮೊದಲು ಬ್ಲಾಗಿಗೆ, ಇಲ್ಲಿಗೆ ಲಿಂಕ್. ಹಳೆಯ ಬರಹಗಳಲ್ಲಿ ತೆರೆಯದ ಲಿಂಕುಗಳನ್ನು ಸರಿಮಾಡುವುದು. ಮತ್ತೆ ಎಲ್ಲದರ ಒಂದು ಪ್ರತಿ ನನ್ನ ಕಂಪ್ಯೂಟರಿನಲ್ಲೂ ಇರಬೇಕು. ಗೂಗಲ್‌ನ ಬ್ಲಾಗ್ ತಾಣ ಬ್ಲಾಗರ್‌ನ ಸೆಟ್ಟಿಂಗ್ಸ್ ಒಳಗೆ ಬ್ಯಾಕಪ್ ತೆಗೆಯುವ ದಾರಿ ಇದೆ, ಹೆಚ್ಚಿನವರು ಅತ್ತ ಹೋಗುವುದೇ ಇಲ್ಲ. ಬ್ಲಾಗುಗಳನ್ನೆಲ್ಲ ಒಂದೇ ಕಡೆ ಓದಲು ಇದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು. ಫೇಸ್‌ಬುಕ್‌ನಂಥದ್ದೇ ತಾಣಗಳಾದ ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಆರ್ಕುಟ್‌ನ ಕನ್ನಡ ಗುಂಪುಗಳಲ್ಲಿ ಎಷ್ಟು ಹರಟೆ, ಎಷ್ಟು ಒಳ್ಳೆ ಮಾಹಿತಿ ಇತ್ತು! ಈಗ ಅದನ್ನು ಯಾರ ಹತ್ತಿರ ಕೇಳುವುದು? ಬೇರೆಯವರ ಜಾಗದಲ್ಲಿ ಬರೆದದ್ದರ ನಕಲು ನಮ್ಮ ಹತ್ತಿರ ಇರಲೇಬೇಕು.

ಹಿಂದೆಲ್ಲ ಪ್ರತಿ ಬ್ಲಾಗಿನ ಪಕ್ಕದಲ್ಲಿ ಇತರ ಬ್ಲಾಗುಗಳ ಪಟ್ಟಿ ಇರುತ್ತಿತ್ತು, ಒಬ್ಬರಿಂದ ಇನ್ನೊಬ್ಬರ ಹತ್ತಿರ ಹೋಗುತ್ತಿದ್ದೆವು. ಅದನ್ನು ಈ ವರ್ಷ ಮತ್ತೆ ಹಾಕುತ್ತಿದ್ದೇನೆ. ನಿಮ್ಮಲ್ಲಿ ಈಗಲೂ ಕನ್ನಡದಲ್ಲಿ ಬ್ಲಾಗ್ ಬರೆಯುವವರು ಇದ್ದರೆ ಕೆಳಗೆ ಲಿಂಕ್ ಕೊಡಿ. ಫಾಲೋವರ್ಸ್ ಎಷ್ಟು ಅಂತ ಬೇಡ. ಯಾವ ಊರು, ಯಾವ ವಿಷಯ, ಅಷ್ಟು ಬರೆಯಿರಿ. ಭಾನುವಾರ ಕೂತು ಎಲ್ಲವನ್ನೂ ಓದಿ ಸೇರಿಸುತ್ತೇನೆ.