ವಿಶ್ವವನ್ನೇ ದೇವರೆಂದರೆ ಕೈಗೆ ಬಂದದ್ದೇನು?

ಪರ

ಗೌರಿಬಿದನೂರಿನ ಕಡೆ ಬಿತ್ತನೆಯ ದಿನ ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿ, ಹೊಲದ ಮಣ್ಣನ್ನು ಚಿಟಿಕೆಯಷ್ಟು ತೆಗೆದು ಕಣ್ಣಿಗೆ ಒತ್ತಿಕೊಳ್ಳುವವರು ಈಗಲೂ ಇದ್ದಾರೆ. ಮಣ್ಣಿನೊಳಗೆ ಯಾರೋ ಕುಳಿತು ಪೂಜೆ ಕೇಳುತ್ತಿದ್ದಾರೆಂದು ಅವರು ತಿಳಿದಿರುವುದಿಲ್ಲ. ಮಣ್ಣೇ ದೊಡ್ಡದು, ಅಷ್ಟೆ. ಇರುವುದೆಲ್ಲವೂ ದೇವರೇ ಎನ್ನುವ ಸರ್ವೇಶ್ವರವಾದವೂ ಹೀಗೆಯೇ ಕೈಮುಗಿಯುತ್ತದೆ, ಹೊಲದ ಜಾಗದಲ್ಲಿ ಇಡೀ ವಿಶ್ವವನ್ನಿಟ್ಟು.

ದೇವರೆಂಬ ಹೆಸರು ಸುಮ್ಮನೆ ಅಂಟಿಸಿದ್ದಲ್ಲ. ಹದಿನೇಳನೇ ಶತಮಾನದ ಡಚ್ ತತ್ತ್ವಜ್ಞಾನಿ ಸ್ಪಿನೋಜಾ ಬರೆದ ‘ದೇವರು ಅಥವಾ ನಿಸರ್ಗ’ ಎಂಬಲ್ಲಿ ಆ ‘ಅಥವಾ’ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುವುದಿಲ್ಲ; ‘ಅಂದರೆ’ ಎನ್ನುತ್ತದೆ. ಇನ್ನೊಂದರ ಆಸರೆಯಿಲ್ಲದೆ ತಾನೇ ತಾನಾಗಿ ಇರುವುದು ಒಂದೇ ಒಂದು. ಕಲ್ಲು, ಹುಣಸೆ ಮರ, ನೀವು, ನಾನು ಎಲ್ಲ ಅದರ ಬಗೆಬಗೆಯ ರೂಪಗಳು. ನಮ್ಮಲ್ಲಿ ಅದಕ್ಕೆ ಹಳೆಯ ಮಾತೇ ಇದೆ: ಸ್ವಯಂಭು. ಅನಾದಿ, ಅನಂತ ಎಂದು ಪುರೋಹಿತರು ದೇವರಿಗೆ ಕೊಟ್ಟ ವಿಶೇಷಣಗಳೆಲ್ಲ ಇದಕ್ಕೇ ಸರಿಯಾಗಿ ಹೊಂದುವಾಗ, ಹೆಸರನ್ನು ಮಾತ್ರ ಏಕೆ ತಡೆಹಿಡಿಯಬೇಕು? ದೇವರನ್ನು ಪ್ರೀತಿಸುವವನು ದೇವರೂ ತನ್ನನ್ನು ಪ್ರೀತಿಸಲೆಂದು ಬಯಸಲಾರ ಎಂದೂ ಸ್ಪಿನೋಜಾ ಹೇಳಿದ. ಮಳೆ ಕೈಕೊಟ್ಟ ವರ್ಷವೂ ಮುಂಗಾರಿಗೆ ಮತ್ತೆ ಬೀಜ ಹೊರುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿರೋಧ

ಮಣ್ಣನ್ನು ಕಣ್ಣಿಗೆ ಒತ್ತಿಕೊಂಡವನೇ ಅದೇ ಬೆಳಗ್ಗೆ ಮಳೆರಾಯನನ್ನು ಬೇಡಿಕೊಂಡದ್ದನ್ನು ಮೇಲೆ ಜಾಣತನದಿಂದ ಬಿಡಲಾಗಿದೆ. ಬೇಡುವುದಕ್ಕೆ ಕೇಳುವ ಕಿವಿ ಬೇಕು. ವಿಶ್ವಕ್ಕೆ ಕಿವಿಯಿಲ್ಲ.

ಜಗತ್ತನ್ನು ದೇವರೆಂದು ಕರೆದರೆ ಏನೂ ವಿವರಿಸಿದಂತಾಗಲಿಲ್ಲ, ಭಾಷೆಗೆ ಬೇಡದ ಒಂದು ಸಮಾನಪದ ಸೇರಿತು, ಅಷ್ಟೇ ಎಂಬುದು ಜರ್ಮನ್ ತತ್ತ್ವಜ್ಞಾನಿ ಶೋಪೆನ್‌ಹಾವರನ ಆಕ್ಷೇಪ. ಮುಂಗೋಪಿಯ ಮಾತು, ಆದರೂ ನನಗೆ ಒಪ್ಪಿಗೆ. ಸಾವಿರದ ಇನ್ನೂರು ಅಡಿ ಕೊರೆದ ಕೊಳವೆಬಾವಿಯಿಂದ ಎದ್ದ ಒಣ ಬಿಳಿ ದೂಳು ದೇವರು. ಪಕ್ಕದ ಬಾವಿಯಲ್ಲಿ ನೀರು ಸಿಕ್ಕರೆ ಅದರೊಳಗಿನ ಫ್ಲೋರೈಡ್ ದೇವರು, ಅದನ್ನು ಕುಡಿದು ಕಲೆಗಟ್ಟಿದ ಮಗುವಿನ ಹಲ್ಲೂ ದೇವರೇ. ಊರಿನವರೆಲ್ಲ ಯಜಮಾನರಾದರೆ ಪಂಚಾಯಿತಿ ಕಟ್ಟೆಯಲ್ಲಿ ಆ ಪದಕ್ಕೆ ಕೆಲಸವೇನು? ವಿಸ್ಮಯ ಬೇಕೆಂದರೆ ನಂದಿಬೆಟ್ಟದ ಮೇಲೆ ನಿಂತು ‘ಅಬ್ಬಾ’ ಎನ್ನಬಹುದು, ಸಾಕಾಗುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಶೂನ್ಯದಿಂದ ವಿಭೂತಿ ತೆಗೆಯುವವರನ್ನು ಕರೆದು ಮುಂದೆ ಕೂರಿಸಿಕೊಂಡು ಕೇಳಬಹುದಿತ್ತು. ಸರ್ವೇಶ್ವರವಾದಿಯ ದೇವರಿಗೆ ಅಂಥ ಸಮಿತಿ ಏನೆಂದು ನೋಟಿಸ್ ಕಳುಹಿಸಬೇಕು, ಯಾವ ವಿಳಾಸಕ್ಕೆ?