ಮೂರನೇ ಸೀಟಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ 2022ರಲ್ಲಿ ಒಂದು ಪದ್ಧತಿ ಶುರು ಮಾಡಿದರು. ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗುತ್ತದೆ. ಅಲ್ಲಿಂದ ಎಂಟೂವರೆವರೆಗೆ ಊರಿಡೀ ಟಿವಿ, ಮೊಬೈಲ್ ಬಂದ್. ಎಷ್ಟು ಒಳ್ಳೆ ಸುದ್ದಿ ಅಲ್ವಾ? ನಾನು ಇದನ್ನು ಓದಿದ್ದು ರಾತ್ರಿ ಹನ್ನೆರಡೂವರೆಗೆ, ಹೊದಿಕೆಯೊಳಗೆ, ಮೊಬೈಲಲ್ಲಿ.

ಬೆಳಗ್ಗೆ ಎದ್ದವಳೇ ಮನೆಯಲ್ಲೂ ಇದನ್ನೇ ಜಾರಿ ಮಾಡಿದೆ. ಸೈರನ್ ಎಲ್ಲಿಂದ ತರೋಣ? ಏಳಕ್ಕೆ ಹೇಗೂ ಕುಕ್ಕರ್ ಇಡ್ತೀನಿ. ಮೂರನೇ ಸೀಟಿ ಕೂಗಿದರೆ ಎಲ್ಲರ ಮೊಬೈಲೂ ಖಾಲಿ ಅಕ್ಕಿ ಡಬ್ಬಕ್ಕೆ. ಹತ್ತನೇ ಕ್ಲಾಸಿನ ಮಗ ಒಂದೇ ಪ್ರಶ್ನೆ ಕೇಳಿದ. "ಎಲ್ಲರದ್ದೂನಾ?"

ಅವನ ಕೈಗೆ ಮೊಬೈಲ್ ಕೊಟ್ಟಿದ್ದು ನಾವೇ, ಸುಳ್ಳು ಯಾಕೆ ಹೇಳಲಿ. ಎರಡು ವರ್ಷದವನಿದ್ದಾಗ ಕುಣಿಯೋ ಆನೆ ತೋರಿಸದಿದ್ದರೆ ತುತ್ತಿಗೆ ಬಾಯಿ ತೆಗೆಯುತ್ತಿರಲಿಲ್ಲ. 2020ರ ಲಾಕ್‌ಡೌನಲ್ಲಿ ಆನ್‌ಲೈನ್ ಕ್ಲಾಸ್ ಅಂತ ಕಂತಿನ ಮೇಲೆ ಅವನಿಗೇ ಒಂದು ಕೊಡಿಸಿದೆವು. ಕ್ಲಾಸ್ ಮುಗಿಯಿತು, ಕಂತೂ ಮುಗಿಯಿತು, ಮೊಬೈಲ್ ಮಾತ್ರ ಅವನ ಕೈಯಲ್ಲೇ ಉಳಿಯಿತು. ಈಗ "ಕಣ್ಣು ಹಾಳಾಗುತ್ತೆ ಕಣೋ" ಅಂತ ಬೈತೀನಿ. ಬೈಯುವಾಗ ತಲೆ ಎತ್ತಿ ಅವನ ಮುಖ ನೋಡಿದ ನೆನಪಿಲ್ಲ.

ಮೊದಲ ದಿನವೇ ಅವನು ನನ್ನ ಮೊಬೈಲ್ ಡಬ್ಬಕ್ಕೆ ಹಾಕುವ ಮುಂಚೆ ಸೆಟ್ಟಿಂಗ್ಸ್ ತೆರೆದು, ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡ್ತೀವಿ ಅಂತ ಲೆಕ್ಕ ಇಡುವ ಡಿಜಿಟಲ್ ವೆಲ್‌ಬೀಯಿಂಗ್ ತೋರಿಸಿದ. ಅವನದು 3 ಗಂಟೆ 40 ನಿಮಿಷ. ನನ್ನದು 5 ಗಂಟೆ 52 ನಿಮಿಷ, 118 ಸಲ ಅನ್‌ಲಾಕ್.

"ಅದರಲ್ಲಿ ಅಡುಗೆ ವಿಡಿಯೋಗಳೂ ಸೇರಿವೆ" ಅಂದೆ.

"ಅಮ್ಮಾ, ಮೂರು ದಿನದಿಂದ ನಾವು ತಿಂತಿರೋದು ಚಿತ್ರಾನ್ನ."

ನನ್ನ ಮಾನ ಕಾಪಾಡಲು ಯಜಮಾನರು ಮಧ್ಯೆ ಬಂದರು. "ನಿಮ್ಹಾನ್ಸ್‌ನಲ್ಲಿ ಈ ಚಟಕ್ಕೇ ಅಂತ 2014ರಲ್ಲೇ ಶಟ್ ಕ್ಲಿನಿಕ್ ತೆರೆದಿದ್ದಾರೆ. ಕರ್ಕೊಂಡು ಹೋಗ್ತೀನಿ ನೋಡು!" ಮಗ ತಣ್ಣಗೆ "ಮೂರು ಜನಕ್ಕೂ ಒಂದೇ ಚೀಟಿ ಸಾಕಾಗುತ್ತಾ ಅಪ್ಪಾ?" ಅಂದ. ಅವರು ಆಗ ಎಡಗೈಯಲ್ಲಿ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದರು. ಮಾರನೇ ದಿನದಿಂದ ಸಂಜೆಯಾದರೆ "ಇವತ್ತು ದೋಸೆ ಮಾಡು" ಅನ್ನತೊಡಗಿದರು. ಮೊದಲು ದೋಸೆ ಮೇಲಿನ ಆಸೆ ಅಂದುಕೊಂಡೆ. ದೋಸೆಗೆ ಕುಕ್ಕರ್ ಬೇಡ, ಕುಕ್ಕರ್ ಇಲ್ಲದಿದ್ದರೆ ಸೀಟಿಯೂ ಇಲ್ಲ ಅನ್ನೋದು ಹೊಳೆಯಲು ಎರಡು ದಿನ ಬೇಕಾಯಿತು.

ಗುರುವಾರ ನನ್ನ ಸರದಿ. ಏಳೂಕಾಲಕ್ಕೆ ಇಳಕಲ್ ಸೀರೆಗಳ ಲೈವ್ ಇತ್ತು. ಹಾಲು ಉಕ್ಕುತ್ತೇನೋ ನೋಡ್ತೀನಿ ಅಂತ ಅಡುಗೆಮನೆಗೆ ಹೋದೆ. ಒಲೆ ಮೇಲೆ ಹಾಲೇ ಇರಲಿಲ್ಲ. ಸ್ಟೀಲ್ ಡಬ್ಬದ ಮುಚ್ಚಳ ಬಿಗಿಯಾಗಿ ಕೂತಿತ್ತು. ಹೊಟ್ಟೆಗೆ ಒತ್ತಿ ಹಿಡಿದು ಎಳೆದೆ. ಮುಚ್ಚಳ ಕೈ ಜಾರಿ ನೆಲಕ್ಕೆ ಬಿದ್ದು ಠಣಠಣ ಅಂತ ಅಡುಗೆಮನೆಯೆಲ್ಲ ಉರುಳಿತು. ಅವಸರದಲ್ಲಿ ಲೈವ್ ಒತ್ತಿದೆ. ವಾಲ್ಯೂಮ್ ಪೂರ್ತಿ ಇತ್ತು. "ಅಕ್ಕಾ, ಟೋಪಿ ತೆನೆ ಸೆರಗು, ಲಾಸ್ಟ್ ಪೀಸ್, ಬೇಗ ಬುಕ್ ಮಾಡ್ರೀ!"

ತಿರುಗಿ ನೋಡಿದರೆ ಬಾಗಿಲಲ್ಲಿ ಮಗ. ಏನೂ ಅನ್ನಲಿಲ್ಲ. ಮುಚ್ಚಳ ಎತ್ತಿಕೊಟ್ಟು ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸೀರೆಯನ್ನಂತೂ ಬುಕ್ ಮಾಡಿದೆ ಅನ್ನಿ.

ನಾಲ್ಕು ದಿನಕ್ಕೆ ಪಾರ್ಸಲ್ ಬಂತು. ಸರಿಯಾಗಿ ಏಳೂ ಹತ್ತಕ್ಕೆ. ಹುಡುಗ ಗೇಟಲ್ಲಿ ನಿಂತು "ಮೇಡಂ, ಓಟಿಪಿ ಹೇಳಿ" ಅಂದ. ಡಬ್ಬದೊಳಗೆ ಏನೋ ಗುಂಯ್ ಅಂತು. ಡಬ್ಬದ ಪಕ್ಕದಲ್ಲೇ ಮಗ ವಿಜ್ಞಾನದ ಪುಸ್ತಕ ತೆರೆದು ಕೂತಿದ್ದ. ತಲೆಯನ್ನೂ ಎತ್ತದೆ ಹೇಳಿದ.

"ಎಂಟೂವರೆಗೆ ಬರೋಕೆ ಹೇಳಮ್ಮ."